ಹಸ್ತದ ಮಳೆ ಕಳೆದ ಮೇಲೆ ಒಂದು ಮೈಲಿ

ನಮ್ಮ ಮನೆಯ ದಣಪೆ ದಾಟಿ ಎಡಕ್ಕೆ ಹೊರಳಿದರೆ ಮೊದಲು ಕೊಟ್ಟಿಗೆ, ಆಮೇಲೆ ಅಡಿಕೆ ತೋಟದ ಅಗಳು, ಅಲ್ಲಿಂದ ಸೊಪ್ಪಿನಬೆಟ್ಟದ ಕಾಲುದಾರಿ, ಅದರಾಚೆ ಬೇಣ, ಕೊನೆಗೆ ಗದ್ದೆಬಯಲಿನ ಪಕ್ಕದ ಡಾಂಬರು ರಸ್ತೆ. ಎಲ್ಲ ಸೇರಿ ಒಂದು ಮೈಲಿ. ಕೈಬೀಸಿ ನಡೆದರೆ ಇಪ್ಪತ್ತು ನಿಮಿಷದ ಹಾದಿ. ನವರಾತ್ರಿಯಿಂದ ದೀಪಾವಳಿಯವರೆಗೆ ಮಾತ್ರ ನನಗೆ ಎರಡು ತಾಸೂ ಸಾಲುವುದಿಲ್ಲ. ಮೊದಲೆಲ್ಲ ಬಸ್ಸಿಗೆ ಕಾಯುತ್ತ ಕೂತವರು, "ಎಂತ ಕಳ್ಕೊಂಡ್ರಿ ಮಾರಾಯ್ರೆ?" ಎಂದು ವಿಚಾರಿಸುತ್ತಿದ್ದರು. ಈಗ ಅವರೇ, "ಆ ಮೋರಿ ಹತ್ರ ಎಂಥದೋ ಕೆಂಪಗೆ ಎದ್ದಿದೆ, ನೋಡಿದ್ರಾ?" ಅನ್ನುವ ಹಂತಕ್ಕೆ ಬಂದಿದ್ದಾರೆ.

ಶರದೃತು ಅಂದರೆ ಕೆಂಪೆಲೆ ಉದುರುವ ಕಾಲ ಎಂದು ಕ್ಯಾಲೆಂಡರಿನ ಚಿತ್ರಗಳು ನಮ್ಮ ಮಕ್ಕಳಿಗೆ ಕಲಿಸಿಬಿಟ್ಟಿವೆ. ಅದು ಮೇಪಲ್ ಮರಗಳ ದೇಶದ ಮಾತು. ಮಲೆನಾಡಿನಲ್ಲಿ ಎಲೆ ಉದುರುವುದು ಪುಷ್ಯ, ಮಾಘದ ಒಣಹವೆಗೆ. ಆಶ್ವಯುಜದಲ್ಲಿ ಇಲ್ಲಿ ಉದುರುವಂಥದ್ದು ಏನೂ ಇಲ್ಲ, ಮಳೆಯೊಂದನ್ನು ಬಿಟ್ಟು. ಹಸ್ತ ಕಳೆದು ಚಿತ್ತೆ ಹಿಡಿಯುವ ಹೊತ್ತಿಗೆ ಮುಂಗಾರಿನ ಜಡಿ ನಿಂತಿರುತ್ತದೆ. ಮಧ್ಯಾಹ್ನದ ಮೇಲೆ ಎಲ್ಲಿಂದಲೋ ಗುಡುಗು ಬಂದು ಒಂದು ಸುರಿ ಸುರಿದು ಹೋಗುತ್ತದೆ. ನಾಲ್ಕು ತಿಂಗಳು ಕುಡಿದ ನೀರು ನೆಲದಲ್ಲಿ ಇನ್ನೂ ಇದೆ, ಮೇಲೆ ಬಿಸಿಲೂ ಇದೆ. ಈ ಎರಡೂ ಒಟ್ಟಿಗೆ ಸಿಗುವುದು ವರ್ಷಕ್ಕೆ ಆರೇಳು ವಾರ ಮಾತ್ರ. ಬೇರು ಆಳಕ್ಕಿಳಿಯದ ಸಣ್ಣ ಗಿಡ, ಒಂದೇ ಮಳೆಗಾಲದ ಆಯುಷ್ಯದ ಹುಳ, ತೇವವಿಲ್ಲದೆ ತಲೆಯೆತ್ತಲಾಗದ ಅಣಬೆ, ಇವೆಲ್ಲಕ್ಕೂ ಕಾರ್ತಿಕ ಮುಗಿಯುವುದರೊಳಗೆ ಬೀಜವನ್ನೋ ಮೊಟ್ಟೆಯನ್ನೋ ಬಿಟ್ಟು ಹೋಗುವ ಗಡಿಬಿಡಿ. ನೋಡುವವನಿಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಉಂಬಳದ ಕಾಟವೂ ಇಳಿದಿರುತ್ತದೆ.

ನನ್ನ ಮೊದಲ ನಿಲ್ದಾಣ ಕೊಟ್ಟಿಗೆಯ ಹಿಂದೆ. ಅಲ್ಲಿ ನೋಡುವುದು ಸಗಣಿಯನ್ನು. ನಗಬೇಡಿ. ಮೇಯಲು ಬಿಟ್ಟ ದನ ಹುಲ್ಲಿನ ಮೇಲೆ ಹಾಕಿದ ಸಗಣಿಗೆ ಮೂರ್ನಾಲ್ಕು ದಿನವಾಗಿದ್ದರೆ, ಬೆಳಿಗ್ಗೆ ಏಳರ ಎಳೆಬಿಸಿಲಿನಲ್ಲಿ ಮೊಣಕಾಲೂರಿ ನೋಡಬೇಕು. ಗಾಜಿನ ಕೂದಲಿನಂಥ ಎಳೆಗಳು ನಿಂತಿರುತ್ತವೆ. ಉದ್ದ ಹೆಚ್ಚೆಂದರೆ ಅರ್ಧ ಬೆರಳು. ಪ್ರತಿ ಎಳೆಯ ತುದಿಗೂ ನೀರು ತುಂಬಿದ ಒಂದು ಗುಳ್ಳೆ, ಗುಳ್ಳೆಯ ನೆತ್ತಿಗೆ ಕಡುಗಪ್ಪು ಬೊಟ್ಟು. ಪೈಲೋಬೊಲಸ್ ಎಂಬ ಶಿಲೀಂಧ್ರ ಇದು. ಗ್ರೀಕ್ ಹೆಸರಿನ ಅರ್ಥ ಟೋಪಿ ಎಸೆಯುವವನು ಎಂದು.

ಇದರ ಕಷ್ಟ ಏನೆಂದರೆ, ಇದರ ಬೀಜಕಣ ದನದ ಹೊಟ್ಟೆಯನ್ನು ಹಾದು ಬಂದರೇನೇ ಸಂಸಾರ ಮುಂದುವರಿಯುವುದು. ದನವೋ ತನ್ನ ಸಗಣಿಯ ಪಕ್ಕದ ಹುಲ್ಲಿಗೆ ಬಾಯಿ ಹಾಕುವುದಿಲ್ಲ. ಹಾಗಾಗಿ ಬೀಜಕಣವನ್ನು ಮಡಿ ಹುಲ್ಲಿನವರೆಗೆ ತಲುಪಿಸಬೇಕು. ಆ ಗುಳ್ಳೆ ಮಸೂರದಂತೆ ಬೆಳಕನ್ನು ಒಂದು ಕಡೆ ಕೂಡಿಸುತ್ತದೆ, ಎಳೆ ಬೆಳಕಿನತ್ತ ಬಾಗುತ್ತದೆ, ಒಳಗಿನ ಒತ್ತಡ ಏರುತ್ತ ಏರುತ್ತ ಗುಳ್ಳೆ ಒಡೆದು ಕಪ್ಪು ಟೋಪಿ ಸಿಡಿಯುತ್ತದೆ. ಎರಡು ಮೀಟರಿನವರೆಗೂ ಹಾರುತ್ತದೆ. ಹೊರಡುವ ಕ್ಷಣದ ವೇಗೋತ್ಕರ್ಷ ಭೂಮಿಯ ಗುರುತ್ವದ ಸುಮಾರು 20,000 ಪಟ್ಟು ಎಂದು ಲೆಕ್ಕ ಹಾಕಿದ್ದಾರೆ. ಬಿದ್ದಲ್ಲಿ ಅಂಟಿಕೊಳ್ಳುತ್ತದೆ, ಹುಲ್ಲಿನ ಜೊತೆ ದನದ ಹೊಟ್ಟೆ ಸೇರುತ್ತದೆ. ಇಷ್ಟು ಸಾಲದೆಂಬಂತೆ, ಕರುಗಳಿಗೆ ಕೆಮ್ಮು ತರುವ ಶ್ವಾಸಕೋಶದ ಹುಳುವೊಂದರ ಮರಿಗಳು ಇದೇ ಎಳೆ ಹತ್ತಿ ಟೋಪಿಯ ಮೇಲೆ ಕೂತು ಪುಕ್ಕಟೆ ಸವಾರಿ ಹೊಡೆಯುತ್ತವೆ. ತಾಜಾ ಸಗಣಿಯನ್ನು ಒಂದು ಡಬ್ಬಿಗೆ ಹಾಕಿ, ಮೇಲೆ ಗಾಜಿನ ಬಟ್ಟಲು ಕವುಚಿ, ಕಿಟಕಿಯ ಬಳಿ ಇಟ್ಟರೆ ಮನೆಯಲ್ಲೇ ನೋಡಬಹುದು. ನಾಲ್ಕೈದು ದಿನದಲ್ಲಿ ಗಾಜಿನ ಒಳಮೈಗೆ, ಬೆಳಕು ಬರುವ ದಿಕ್ಕಿಗೇ, ಕಪ್ಪು ಚುಕ್ಕೆ ಬೀಳತೊಡಗುತ್ತವೆ. ಮನೆಯವರ ಒಪ್ಪಿಗೆ ಪಡೆದು ಮಾಡಿ. ನಾನು ಪಡೆದಿರಲಿಲ್ಲ.

ತೋಟಕ್ಕೆ ಇಳಿದರೆ ಅಡಿಕೆ ಮರದ ಮೈಮೇಲೆ ಸುಣ್ಣ ಬಳಿದ ಹಾಗೆ ಬಿಳಿ, ಬೂದು ಮಚ್ಚೆಗಳು. ಯಾರೋ ಬಳಿದದ್ದಲ್ಲ, ಕಲ್ಲುಹೂವಿನ ಜಾತಿ. ಶಿಲೀಂಧ್ರವೂ ಪಾಚಿಯೂ ಕೂಡಿ ಒಂದೇ ದೇಹವಾಗಿ ಬದುಕುವ ಜೀವ ಇದು. ಮನೆ ಕಟ್ಟುವುದು ಶಿಲೀಂಧ್ರ, ಬಿಸಿಲಲ್ಲಿ ಅಡುಗೆ ಮಾಡುವುದು ಪಾಚಿ. ಇದರದೇ ಎಲೆಯಂಥ ಒಂದು ಬಗೆಯನ್ನು ನಾವು ಮಸಾಲೆಗೆ ಹುರಿದು ಹಾಕುತ್ತೇವೆ. ಅಣಬೆ ಮುಟ್ಟದವರ ಮನೆಯ ವಾಂಗೀಬಾತಿನಲ್ಲೂ ಶಿಲೀಂಧ್ರ ಇರುತ್ತದೆ ಎಂದು ನಾನು ಊಟದ ಪಂಕ್ತಿಯಲ್ಲಿ ಹೇಳಿ ಒಮ್ಮೆ ಬೈಸಿಕೊಂಡಿದ್ದೇನೆ.

ತೋಟದವರಿಗೆ ಶಿಲೀಂಧ್ರದ ಮೇಲೆ ಪ್ರೀತಿ ಇರುವುದು ಕಷ್ಟ, ನಿಜ. ಮರದ ಬುಡದಲ್ಲಿ ಮೆರುಗು ಹಚ್ಚಿದಂಥ ಕಂದು ಬಣ್ಣದ ಗಟ್ಟಿ ಅಣಬೆ ಎದ್ದರೆ ಅಣಬೆ ರೋಗ. ಹೊರಗೆ ಕಾಣುವ ಹೊತ್ತಿಗೆ ಒಳಗಿನ ಕೆಲಸ ಮುಗಿದಿರುತ್ತದೆ, ಆ ಮರದ ಆಸೆ ಬಿಡಬೇಕು. ಕೊಳೆರೋಗದ ಸಂಗತಿ ಬೇರೆ. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅದರ ಮೂಲ ಹುಡುಕಿ, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಮಲೆನಾಡಿಗೆ ಪರಿಚಯಿಸಿದರು. ಅದಕ್ಕೂ ಮೊದಲು ಗೊನೆಗೆ ಕೊಟ್ಟೆ ಕಟ್ಟಿ ಮಳೆ ತಾಗದಂತೆ ಕಾಯುವುದೇ ದಾರಿಯಾಗಿತ್ತು. ಆ ರೋಗದ ಕಾರಣಜೀವಿ ಅಣಬೆಯ ವಂಶದ್ದೇ ಅಲ್ಲ, ಸಮುದ್ರದ ಕಂದು ಪಾಚಿಗಳ ದೂರದ ನೆಂಟ ಎಂಬುದು ಆಮೇಲೆ ಗೊತ್ತಾದದ್ದು. ಬಯ್ಯುವುದಾದರೆ ಸರಿಯಾದ ಮನೆಯವರನ್ನೇ ಬಯ್ಯೋಣ.

ಅಗಳಿನ ಬದಿಯಲ್ಲಿ ಕೊಳೆತ ಹಾಳೆ, ತೆಂಗಿನ ನಾರಿನ ರಾಶಿ. ಅದರ ಮೇಲೆ ಈ ದಿನಗಳಲ್ಲಿ ತಪ್ಪದೆ ಸಿಗುವುದು ಹಕ್ಕಿಗೂಡು ಅಣಬೆ. ಕಿರುಬೆರಳ ಉಗುರಿನಷ್ಟು ಬಟ್ಟಲು, ಒಳಗೆ ಸಾಸಿವೆಗಿಂತ ತುಸು ದೊಡ್ಡ ಚಪ್ಪಟೆ ಮೊಟ್ಟೆಗಳು. ಬಟ್ಟಲಿನ ಓರೆ ಲೆಕ್ಕ ಹಾಕಿ ಮಾಡಿದಂತಿರುತ್ತದೆ. ಮೇಲಿಂದ ಒಂದು ದಪ್ಪ ಮಳೆಹನಿ ನೇರ ಒಳಗೆ ಬಿದ್ದರೆ ಮೊಟ್ಟೆ ಮೂರಡಿ ಆಚೆಗೆ ಚಿಮ್ಮುತ್ತದೆ. ಮೊಟ್ಟೆಯ ಬಾಲಕ್ಕೆ ಅಂಟುದಾರವೊಂದಿದ್ದು, ಹೋಗುವ ದಾರಿಯಲ್ಲಿ ಹುಲ್ಲೋ ಕಡ್ಡಿಯೋ ಸಿಕ್ಕರೆ ಸುತ್ತಿಕೊಂಡು ನಿಲ್ಲುತ್ತದೆ. ಮಳೆ ಬರದಿದ್ದ ದಿನ ನಾನು ಪಿಚಕಾರಿಯಿಂದ ಹನಿ ಹಾಕಿ ನೋಡಿದ್ದೇನೆ. ಹನಿ ಚಿಕ್ಕದಾದರೆ ಕೆಲಸ ನಡೆಯುವುದಿಲ್ಲ. ಅಡಿಕೆ ಸೋಗೆಯ ತುದಿಯಿಂದ ತೊಟ್ಟಿಕ್ಕುವ ದಪ್ಪ ಹನಿಯೇ ಆಗಬೇಕು.

ಸೊಪ್ಪಿನಬೆಟ್ಟದ ಬಿದಿರುಮಟ್ಟಿಯ ಹತ್ತಿರ ಹೋದ ವರ್ಷ ಒಂದು ಬೆಳಿಗ್ಗೆ ಮೂಗು ಮುಚ್ಚಿಕೊಳ್ಳುವಂಥ ವಾಸನೆ. ಇಲಿಯೋ ಹೆಗ್ಗಣವೋ ಸತ್ತಿದೆ ಎಂದುಕೊಂಡು ಕೋಲಿನಿಂದ ತರಗೆಲೆ ಸರಿಸಿದರೆ ಕಂಡದ್ದು ಬಿಳಿ ಬಲೆಯ ಲಂಗ ತೊಟ್ಟು ನಿಂತ ಅಣಬೆ. ಒಂದು ಗೇಣು ಎತ್ತರ. ಲಂಗ ಅಂದರೆ ಲಂಗವೇ: ತಲೆಯ ಕೆಳಗಿನಿಂದ ಹೊರಟು ನೆಲ ಮುಟ್ಟುವಂತೆ ಸುತ್ತ ಇಳಿಬಿದ್ದ ಜಾಲರಿ, ಕಸೂತಿ ಹಾಕಿದವರಿಗೆ ಹೊಟ್ಟೆಕಿಚ್ಚಾಗುವಷ್ಟು ಅಚ್ಚುಕಟ್ಟು. ತಲೆಯ ಮೇಲೆ ಹಸಿರುಗಂದು ಲೋಳೆ, ಲೋಳೆಯ ತುಂಬ ನೊಣ. ವಾಸನೆ ಬರುವುದು ಆ ಲೋಳೆಯಿಂದ. ಬೀಜಕಣ ಇರುವುದೂ ಅದರಲ್ಲೇ. ಗಾಳಿಯನ್ನು ನಂಬದೆ ನೊಣಗಳ ಕಾಲಿಗೆ ಕೆಲಸ ಒಪ್ಪಿಸಿದ ಅಣಬೆ ಇದು. ಪಕ್ಕದಲ್ಲೇ ಕೋಳಿಮೊಟ್ಟೆಯಂಥ ಇನ್ನೊಂದು ಅರ್ಧ ಹುದುಗಿ ಕೂತಿತ್ತು. ಮಾರನೆಯ ದಿನ ಟಾರ್ಚ್ ಹಿಡಿದು ಐದೂವರೆಗೇ ಹೋದೆ. ಮೊಟ್ಟೆ ಆಗಲೇ ಒಡೆದಿತ್ತು, ಕಾಂಡ ಅರ್ಧ ಎದ್ದಿತ್ತು, ಲಂಗ ಇನ್ನೂ ಮಡಿಚಿಕೊಂಡೇ ಇತ್ತು. ಕೂತು ನೋಡುತ್ತಿದ್ದಂತೆ ಅದು ಇಳಿಯುತ್ತ ಬಂತು. ಗಡಿಯಾರದ ನಿಮಿಷದ ಮುಳ್ಳು ಸರಿಯುವುದು ಕಾಣದಿದ್ದರೂ ಸರಿದದ್ದು ತಿಳಿಯುತ್ತದಲ್ಲ, ಹಾಗೆ. ಏಳೂವರೆಗೆ ಪೂರ್ತಿ ಬಿಚ್ಚಿತು. ಊಟದ ಹೊತ್ತಿಗೆ ಹೋಗಿ ನೋಡಿದರೆ ಒದ್ದೆ ಕಾಗದದಂತೆ ಮುದುಡಿ ಬಿದ್ದಿತ್ತು. ಚೀನೀಯರು ಇದನ್ನು ಬೆಳೆಸಿ, ತೊಳೆದು, ಒಣಗಿಸಿ ಸಾರು ಮಾಡಿ ಉಣ್ಣುತ್ತಾರೆ. ಅವರ ಧೈರ್ಯ ದೊಡ್ಡದು.

ಅಲ್ಲಿಂದ ಹತ್ತು ಮಾರು ದೂರಕ್ಕೆ ಹುತ್ತ. ಹುತ್ತ ಅಂದಕೂಡಲೇ ನಮಗೆ ಹಾವು, ಹಾಲು, ನಾಗರಪಂಚಮಿ. ಒಳಗಿನ ನಿಜವಾದ ಒಡೆಯರು ಒರಲೆಗಳು, ಅವು ಕೃಷಿಕರು. ತಂದ ಸೊಪ್ಪು ಸೌದೆಯನ್ನು ಅವು ನೇರ ಅರಗಿಸಿಕೊಳ್ಳಲಾರವು. ಅಗಿದು ಹಿಕ್ಕೆ ಹಾಕಿ ಸ್ಪಂಜಿನಂಥ ಗೂಡು ಕಟ್ಟಿ, ಅದರ ಮೇಲೆ ಒಂದು ಶಿಲೀಂಧ್ರವನ್ನು ಬೆಳೆಸುತ್ತವೆ. ಮರದ ಗಟ್ಟಿ ಅಂಶವನ್ನು ಮೆತ್ತಗೆ ಮಾಡಿಕೊಡುವುದು ಆ ಶಿಲೀಂಧ್ರ. ಈ ಬೇಸಾಯಕ್ಕೆ ಸುಮಾರು 3 ಕೋಟಿ ವರ್ಷ ವಯಸ್ಸು. ಮನುಷ್ಯ ಉಳತೊಡಗಿ ಹನ್ನೆರಡು ಸಾವಿರ ವರ್ಷವೂ ಆದಂತಿಲ್ಲ. ಮಳೆ ಹದವಾಗಿ ಬಿದ್ದ ಮೇಲೆ ಆ ನೆಲಮಾಳಿಗೆಯ ತೋಟದಿಂದ ಬೇರಿನಂಥ ಉದ್ದನೆಯ ಬುಡ ಮಣ್ಣು ಸೀಳಿಕೊಂಡು ಮೇಲೆ ಬಂದು ಕೊಡೆ ಬಿಚ್ಚುತ್ತದೆ. ಅದೇ ಹುತ್ತದ ಅಣಬೆ. ಅದು ಉದುರಿಸಿದ ಬೀಜಕಣವನ್ನೇ ಹೊಸದಾಗಿ ಸಂಸಾರ ಹೂಡಿದ ಒರಲೆಗಳು ಹೆಕ್ಕಿ ಒಯ್ದು ತಮ್ಮ ತೋಟಕ್ಕೆ ಬಿತ್ತಿಕೊಳ್ಳುತ್ತವೆ. ಇದರ ಸುಗ್ಗಿ ಮುಂಗಾರಿನಲ್ಲೇ ಜಾಸ್ತಿಯಾದರೂ ಚಿತ್ತೆಯ ಗುಡುಗಿಗೂ ಅಲ್ಲೊಂದು ಇಲ್ಲೊಂದು ಏಳುತ್ತದೆ. ಗುಡುಗಿದರೆ ಅಣಬೆ ಏಳುತ್ತದೆ ಎಂಬ ಮಾತನ್ನು ನಾನು ಬಹುಕಾಲ ಹಗುರವಾಗಿ ತೆಗೆದುಕೊಂಡಿದ್ದೆ. ಜಪಾನಿನ ಇವಾಟೆ ವಿಶ್ವವಿದ್ಯಾಲಯದವರು ಅಣಬೆ ಬೆಳೆಯುವ ಕೊರಡುಗಳಿಗೆ ವಿದ್ಯುತ್ತಿನ ಆಘಾತ ಕೊಟ್ಟು ಇಳುವರಿ ಹೆಚ್ಚುವುದನ್ನು ತೋರಿಸಿದ ಮೇಲೆ ಬಾಯಿ ಮುಚ್ಚಿಕೊಂಡಿದ್ದೇನೆ.

ತಿನ್ನುವ ಮಾತು ಬಂತಾದ್ದರಿಂದ ಒಂದು ಎಚ್ಚರಿಕೆ. ಬೆಳ್ಳಿಯ ಕಾಸು ಹಾಕಿ ಬೇಯಿಸಿದರೆ ವಿಷದ ಅಣಬೆ ಗೊತ್ತಾಗುತ್ತದೆ, ಹುಳ ತಿಂದಿದ್ದರೆ ನಾವೂ ತಿನ್ನಬಹುದು, ಹುಣಸೆಹುಳಿ ಹಾಕಿದರೆ ವಿಷ ಇಳಿಯುತ್ತದೆ: ಮೂರೂ ಸುಳ್ಳು. ಕೊಲ್ಲುವ ಅಣಬೆಗಳ ವಿಷ ಕುದಿಸಿದರೂ ಹೋಗುವುದಿಲ್ಲ. ತಿಂದು ಆರು ತಾಸಿನ ಮೇಲೆ ವಾಂತಿ ಭೇದಿ ಶುರುವಾಗಿ, ನಡುವೆ ಗುಣವಾದಂತೆ ತೋರುತ್ತದೆ, ಅಷ್ಟರಲ್ಲಿ ಯಕೃತ್ತು ಕೆಟ್ಟಿರುತ್ತದೆ. ಬೆಂಗಳೂರಿನ ಪಾರ್ಕು, ಅಪಾರ್ಟ್‌ಮೆಂಟುಗಳ ಹುಲ್ಲುಹಾಸಿನಲ್ಲಿ ಬಿಳಿ ಕೊಡೆಯ ಮೇಲೆ ಕಂದು ಚಕ್ಕೆಯಿರುವ ದೊಡ್ಡ ಅಣಬೆಯೊಂದು ಗುಂಪುಗುಂಪಾಗಿ ಏಳುತ್ತದೆ. ನೋಡಲು ಹುತ್ತದ ಅಣಬೆಯ ತಂಗಿಯಂತೆಯೇ. ತಿಂದವರಿಗೆ ಇಡೀ ರಾತ್ರಿ ವಾಂತಿ. ಇವೆರಡರ ವ್ಯತ್ಯಾಸ ತಿಳಿಯಲು ಒಂದು ಚಂದದ ಉಪಾಯವಿದೆ. ಬಲಿತ ಕೊಡೆಯನ್ನು ಕತ್ತರಿಸಿ, ಅಡಿಯ ಮಡಿಕೆಗಳು ಕೆಳಗಾಗುವಂತೆ ಬಿಳಿ ಹಾಳೆಯ ಮೇಲಿಟ್ಟು, ಲೋಟ ಕವುಚಿ, ರಾತ್ರಿ ಬಿಡಿ. ಬೆಳಿಗ್ಗೆ ಹಾಳೆಯ ಮೇಲೆ ಬೀಜಕಣದ ರಂಗೋಲಿ ಮೂಡಿರುತ್ತದೆ. ಹುತ್ತದ ಅಣಬೆಯದು ನಸುಗೆಂಪು, ಹುಲ್ಲುಹಾಸಿನ ವಂಚಕನದು ಹಸಿರು. ಇದು ನೋಡಿ ಸಂತೋಷಪಡುವುದಕ್ಕೆ. ರಂಗೋಲಿಯ ಬಣ್ಣ ಸರಿಯಿದೆ ಎಂದು ಪಲ್ಯ ಮಾಡಲು ಹೊರಡಬೇಡಿ. ನಾನು ತಿನ್ನುವುದು ನಮ್ಮೂರಲ್ಲಿ ಅರುವತ್ತು ವರ್ಷದಿಂದ ಅದೇ ಹುತ್ತದಿಂದ ಕೀಳುತ್ತಿರುವ ಅಜ್ಜಿಯೊಬ್ಬರು ಕೊಟ್ಟಿದ್ದನ್ನು ಮಾತ್ರ.

ಅವರ ಹಿಂದೆ ನಡೆದೇ ನಾನು ಗಿಡ ನೋಡಲು ಕಲಿತದ್ದು. ಸೀಗೆ ಹುಣ್ಣಿಮೆಯ ಹಿಂದಿನ ದಿನ ಅವರ ಜೊತೆ ಹೊರಟರೆ ಗೊತ್ತಾಗುತ್ತದೆ, ಕಣ್ಣು ಅಂದರೆ ಏನೆಂದು. ನಮ್ಮ ಕಡೆಯ ದೀವರಲ್ಲಿ ಅದು ಭೂಮಿ ಹುಣ್ಣಿಮೆ. ಗದ್ದೆಯಲ್ಲಿ ಭತ್ತ ಹೊಡೆಯಾಗಿರುವ ಹೊತ್ತು, ಭೂಮಿತಾಯಿ ಬಸುರಿ, ಅವಳಿಗೆ ಬಯಕೆಯೂಟ ಬಡಿಸುವ ಹಬ್ಬ. ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆದ ಬುಟ್ಟಿಯಲ್ಲಿ ಕಡುಬು, ಕಜ್ಜಾಯ ಹೊತ್ತು ನಸುಕಿಗೇ ಗದ್ದೆಗೆ ಹೋಗುತ್ತಾರೆ. ಅದರಲ್ಲಿ ತಪ್ಪದೆ ಇರಬೇಕಾದದ್ದು ನೂರೊಂದು ಕುಡಿಯ ಅಂಬಲಿ. ಗುಡ್ಡ, ಬೇಲಿ, ಹಿತ್ತಿಲಿನಿಂದ ಹುಡುಕಿ ತಂದ ಬಗೆಬಗೆಯ ಸೊಪ್ಪು ಚಿಗುರುಗಳನ್ನು ಬೇಯಿಸಿ, ಹೊಲದ ತುಂಬ ಬೀರುತ್ತಾರೆ. ನೂರೊಂದನ್ನು ಯಾರೂ ಎಣಿಸಿ ತರುವುದಿಲ್ಲ ಎಂದುಕೊಂಡು ನಾನು ಒಮ್ಮೆ ಎಣಿಸಿದೆ. ಅಜ್ಜಿ ಒಂದೂವರೆ ತಾಸಿನಲ್ಲಿ, ಅದೇ ನನ್ನ ಒಂದು ಮೈಲಿಯಲ್ಲಿ, ಐವತ್ತೆರಡು ಬಗೆ ಕಿತ್ತರು. ನನಗೆ ಹೆಸರು ಗೊತ್ತಿದ್ದದ್ದು ಹದಿನೆಂಟು. ಗೌರಿಹೂವಿನ ಬಳ್ಳಿಯ ಹತ್ತಿರ ಕೈ ಚಾಚಿದರೆ "ಅದು ಬ್ಯಾಡ ತಮ್ಮಾ, ಗಡ್ಡೆ ನಂಜು" ಎಂದು ತಡೆದರು. ಆ ಗಿಡದಲ್ಲಿ ಕಾಲ್ಚಿಸಿನ್ ಎಂಬ ವಿಷವಿರುವುದನ್ನು ನಾನು ಓದಿ ತಿಳಿದಿದ್ದೆ. ಅವರಿಗೆ ಓದಬೇಕಾಗಿ ಬಂದಿರಲಿಲ್ಲ. ಪ್ರಕೃತಿ ವೀಕ್ಷಣೆಯ ನಡಿಗೆ ಎಂಬುದು ದುರ್ಬೀನಿನ ಜೊತೆ ಹೊರಗಿನಿಂದ ಬಂದದ್ದೆಂದು ತಿಳಿದವರು ಈ ಹಬ್ಬದ ಹಿಂದಿನ ದಿನ ಮಲೆನಾಡಿಗೆ ಬರಬೇಕು.

ಬೇಣದಲ್ಲಿ ಜಂಬಿಟ್ಟಿಗೆಯ ನೆಲ, ಮೇಲೆ ಎರಡು ಬೆರಳು ಮಣ್ಣು. ಅಲ್ಲಿ ಬಗ್ಗದೆ ಹೋದರೆ ಏನೂ ಕಾಣುವುದಿಲ್ಲ. ಬಗ್ಗಿದರೆ ಕಾಸಿನಗಲದ ಕೆಂಪು ಗಿಡಗಳು ನೆಲಕ್ಕೆ ಅಂಟಿ ಕೂತಿವೆ, ಎಲೆಯ ತುಂಬ ರೋಮ, ರೋಮದ ತುದಿಗೊಂದು ಹನಿ. ಇಬ್ಬನಿ ಎಂದುಕೊಂಡು ಹತ್ತು ಗಂಟೆಯ ಬಿಸಿಲಿಗೆ ಮತ್ತೆ ನೋಡಿದರೂ ಹನಿ ಆರಿರುವುದಿಲ್ಲ. ಅದು ಅಂಟು. ನುಸಿ, ಇರುವೆ ಸಿಕ್ಕಿಬಿದ್ದರೆ ಅಕ್ಕಪಕ್ಕದ ರೋಮಗಳೂ ಬಾಗಿ ಹಿಡಿದುಕೊಳ್ಳುತ್ತವೆ. ಮಳೆಗೆ ಸಾರವೆಲ್ಲ ತೊಳೆದುಹೋದ ನೆಲದಲ್ಲಿ ಸಾರಜನಕಕ್ಕೆ ಇದು ಕಂಡುಕೊಂಡ ದಾರಿ. ಡ್ರೊಸೆರಾ ಎಂದು ಇದರ ಹೆಸರು. ಡಾರ್ವಿನ್ ಇದರ ಮೋಹಕ್ಕೆ ಬಿದ್ದು 1875ರಲ್ಲಿ ಕೀಟಾಹಾರಿ ಸಸ್ಯಗಳ ಬಗ್ಗೆ ಪುಸ್ತಕವನ್ನೇ ಬರೆದ. ನೀರು ಜಿನುಗುವ ಕಡೆ ನೇರಳೆ ಹಾಸಿಗೆಯಂತೆ ಹರಡಿದ ಪುಟ್ಟ ಹೂಗಳದು ಇನ್ನೊಂದು ಕತೆ. ಕೆಸರಿನೊಳಗೆ ಆ ಗಿಡಕ್ಕೆ ಗುಂಡುಸೂಜಿಯ ತಲೆಗಿಂತ ಚಿಕ್ಕ ಚೀಲಗಳು. ಬಾಗಿಲಿನ ರೋಮಕ್ಕೆ ನೀರಿನ ಹುಳ ತಾಗಿದರೆ ಸೆಕೆಂಡಿನ ಸಾವಿರದ ಒಂದು ಭಾಗದೊಳಗೆ ಒಳಗೆಳೆದುಕೊಂಡು ಬಾಗಿಲು ಹಾಕುತ್ತವೆ. ನವೆಂಬರ್ ಮುಗಿಯುವಾಗ ಈ ಜಾಗದಲ್ಲಿ ಒಣಹುಲ್ಲು ಬಿಟ್ಟರೆ ಏನೂ ಉಳಿದಿರುವುದಿಲ್ಲ.

ತಲೆಯ ಮೇಲೆ ಹಳದಿ ಮೈಯ ಏರೋಪ್ಲೇನ್ ಚಿಟ್ಟೆಗಳ ದಂಡು. ಗದ್ದೆಯ ಮೇಲೆ ದಣಿವಿಲ್ಲದೆ ಸುತ್ತುವ ಈ ಕೀಟಗಳ ಜಾತಿಯೇ ಅಕ್ಟೋಬರಿನಲ್ಲಿ ಮಾಲ್ಡೀವ್ಸ್ ದ್ವೀಪಗಳಲ್ಲಿ ಲಕ್ಷಗಟ್ಟಲೆ ಬಂದಿಳಿಯುತ್ತದೆ. ಅಲ್ಲಿ ಇವು ಮೊಟ್ಟೆಯಿಡಲು ಸಿಹಿನೀರಿನ ಕೆರೆಕಟ್ಟೆಯೇ ಇಲ್ಲವೆನ್ನಬೇಕು, ಮತ್ತೆ ಬಂದದ್ದೆಲ್ಲಿಂದ? ಅಲ್ಲಿ ನೆಲೆಸಿದ್ದ ಜೀವವಿಜ್ಞಾನಿ ಚಾರ್ಲ್ಸ್ ಆಂಡರ್ಸನ್ ವರ್ಷಗಟ್ಟಲೆ ಲೆಕ್ಕವಿಟ್ಟು, ಇವು ಭಾರತದಿಂದ ಹೊರಟು ಕಡಲು ದಾಟಿ ಪೂರ್ವ ಆಫ್ರಿಕಕ್ಕೆ ಹೋಗುತ್ತವೆ ಎಂದು 2009ರಲ್ಲಿ ಬರೆದರು. ನಮ್ಮ ಗದ್ದೆಯ ಮೇಲಿನವುಗಳಲ್ಲಿ ಯಾವುದು ಸೊಮಾಲಿಯಾಕ್ಕೆ, ಯಾವುದು ಕಾಜಾಣದ ಬಾಯಿಗೆ ಎಂದು ಹೇಳಬಲ್ಲವರಿಲ್ಲ.

ಡಾಂಬರು ರಸ್ತೆಯ ಬದಿಗೆ ಬಂದರೆ ಸೊಂಟದೆತ್ತರ ಹುಲ್ಲು. ತುಂಬೆ, ಉತ್ರಾಣಿ, ನಾಚಿಕೆಮುಳ್ಳು, ದರೆಯ ಮೇಲೆ ಕರ್ಣಕುಂಡಲ. ಕರ್ಣಕುಂಡಲದ ಬಲಿತ ಕಾಯನ್ನು ಮೆಲ್ಲಗೆ ಒತ್ತಿದರೆ ಬೆರಳ ಸಂದಿಯಲ್ಲಿ ಸುರುಳಿ ಸುತ್ತಿಕೊಂಡು ಬೀಜ ಸಿಡಿಯುತ್ತದೆ. ಐವತ್ತು ದಾಟಿದರೂ ನನಗೆ ಈ ಚಟ ಹೋಗಿಲ್ಲ. ಉತ್ರಾಣಿ ಕಾಯುವುದು ನನ್ನ ಪಂಚೆಯನ್ನು. ಹುಲ್ಲಿನ ನಡುವೆ ತಪ್ಪದೆ ಸಿಗುವವಳು ಸಹಿ ಹಾಕುವ ಜೇಡ. ಹಳದಿ, ಕಂದು ಪಟ್ಟೆಯ ಹೆಣ್ಣು, ಎಂಟು ಕಾಲನ್ನು ಎರಡೆರಡಾಗಿ ಜೋಡಿಸಿ ಗುಣಾಕಾರದ ಚಿಹ್ನೆಯಂತೆ ಬಲೆಯ ನಡುವೆ ಕೂರುತ್ತಾಳೆ. ಕಾಲಿನ ಗೆರೆಗೆ ಸರಿಯಾಗಿ ಬಲೆಯಲ್ಲೂ ದಪ್ಪ ಬಿಳಿ ದಾರದ ಅಂಕುಡೊಂಕು ನೇಯ್ದಿರುತ್ತಾಳೆ. ಅದು ಹುಳಗಳನ್ನು ಸೆಳೆಯಲಿಕ್ಕೋ, ಹಕ್ಕಿಗಳು ಬಲೆ ಹರಿಯದಂತೆ ಎಚ್ಚರಿಸಲಿಕ್ಕೋ ಎಂಬ ಜಗಳ ವಿಜ್ಞಾನಿಗಳಲ್ಲಿ ಇನ್ನೂ ತೀರಿಲ್ಲ. ಗಂಡು ಅವಳ ಕಾಲುಭಾಗವೂ ಇಲ್ಲ, ಅಂಚಿನಲ್ಲಿ ಹೆದರುತ್ತ ಕಾಯುತ್ತಾನೆ. ಹೋದ ವರ್ಷ ಮೂರು ವಾರ ನಾನು ಒಬ್ಬಳನ್ನೇ ನೋಡಿದೆ, ಮೋರಿಯ ಕಲ್ಲಿನ ಪಕ್ಕದವಳನ್ನು. ಹುಣ್ಣಿಮೆಯ ಹಿಂದಿನ ದಿನ ಅವಳ ಹೊಟ್ಟೆ ಇಳಿದಿತ್ತು. ಪಕ್ಕದ ಎಲೆಯಡಿ ಹಸಿರು ಮಿಶ್ರಿತ ಹಳದಿ ರೇಷ್ಮೆಯ ಚಪ್ಪಟೆ ಚೀಲ ತೂಗುತ್ತಿತ್ತು, ಒಳಗೆ ಮೊಟ್ಟೆ.

ಹುಣ್ಣಿಮೆಯ ಮೂರನೆಯ ದಿನ ಹುಲ್ಲು ಹೊಡೆಯುವ ಯಂತ್ರ ಬಂತು. ದೀಪಾವಳಿಗೆ ರಸ್ತೆ ಚೊಕ್ಕಟವಾಗಬೇಕೆಂದು ಯಾರೋ ಹೇಳಿದ್ದರಂತೆ. ಮಧ್ಯಾಹ್ನದೊಳಗೆ ಮೋರಿಯಿಂದ ಬಸ್‌ಸ್ಟ್ಯಾಂಡಿನವರೆಗೆ ಎರಡೂ ಬದಿ ಬೋಳಾಯಿತು. ಕರ್ಣಕುಂಡಲದ ಕಾಯಿ ಇನ್ನೂ ಹಸಿರಿತ್ತು, ಉತ್ರಾಣಿಗೆ ಬೀಜ ಕಟ್ಟಿರಲಿಲ್ಲ, ರೇಷ್ಮೆಯ ಚೀಲ ಎಲ್ಲಿ ಹೋಯಿತೋ ಸಿಗಲಿಲ್ಲ. ಈ ವರ್ಷ ಆ ನೂರು ಮಾರಿನಲ್ಲಿ ಎದ್ದಿರುವುದು ಯುಪಟೋರಿಯಂ ಒಂದೇ. ಕಡಿದಷ್ಟೂ ಬುಡದಿಂದ ಒಡೆದು ಬರುವ ಗಿಡಕ್ಕೆ ಯಂತ್ರದ ಭಯವಿಲ್ಲ. ವರ್ಷಕ್ಕೊಮ್ಮೆ ಬೀಜ ಬಿಟ್ಟು ಸಾಯುವವುಗಳಿಗೆ ಅದೊಂದು ವಾರವೇ ಎಲ್ಲ.

ಆದ್ದರಿಂದ ಪಂಚಾಯಿತಿಯ ಸದಸ್ಯರಲ್ಲಿ, ತೋಟದ ಯಜಮಾನರಲ್ಲಿ, ಅಪಾರ್ಟ್‌ಮೆಂಟ್ ಸಂಘದವರಲ್ಲಿ ಒಂದು ಕೋರಿಕೆ. ತಿರುವಿನಲ್ಲಿ ಎದುರಿನ ವಾಹನ ಕಾಣುವಷ್ಟು ಸವರಿಸಿಕೊಳ್ಳಿ, ಅದು ಬೇಕು. ಉಳಿದ ಅಂಚನ್ನು ಕಾರ್ತಿಕದ ಅಮಾವಾಸ್ಯೆ ಕಳೆಯುವವರೆಗೆ ಹಾಗೇ ಬಿಡಿ. ಆಮೇಲೆ ಹೇಗೂ ಅದು ತಾನಾಗಿಯೇ ಒಣಗುತ್ತದೆ, ಹೊಡೆಯುವ ಕೂಲಿಯೂ ಕಡಿಮೆ ಬೀಳುತ್ತದೆ.